ಹುಟ್ಟಿನಿಂದ ಮಣ್ಣಿನವರೆಗೆ: ಯೆಹೂದ್ಯರ ಜೀವನ ವಿಧಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಯೆಹೂದ್ಯರ ಬಗ್ಗೆ ಕನ್ನಡದ ಓದುಗರಿಗೆ ತಿಳಿದಿರುವುದು ಹೆಚ್ಚಾಗಿ ಬೈಬಲಿನ ಹಳೆಯ ಒಡಂಬಡಿಕೆಯಿಂದ ಬಂದದ್ದು, ಇಲ್ಲವೇ ಇಸ್ರೇಲ್ ದೇಶದ ರಾಜಕೀಯ ಸುದ್ದಿಗಳಿಂದ ಬಂದದ್ದು. ಯೆಹೂದಿ ಮನೆಯೊಂದರಲ್ಲಿ ಮಗು ಹುಟ್ಟಿದಾಗ, ಮದುವೆ ನಡೆದಾಗ, ಸಾವು ಸಂಭವಿಸಿದಾಗ ಏನಾಗುತ್ತದೆ ಎಂಬುದು ಇವೆರಡರಲ್ಲೂ ಕಾಣಸಿಗುವುದಿಲ್ಲ. ಆ ಕುರಿತು ಸಾಮಾನ್ಯವಾಗಿ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಬೇರೆ ಪಂಥವನ್ನು ಹೆಸರಿಸದ ಕಡೆಗಳಲ್ಲೆಲ್ಲ ಸಂಪ್ರದಾಯಸ್ಥ ಯೆಹೂದ್ಯರ ಆಚರಣೆಯನ್ನೇ ವಿವರಿಸಲಾಗಿದೆ ಎಂದು ತಿಳಿಯಬೇಕು.

ಇವುಗಳನ್ನು ನಮ್ಮ ಷೋಡಶ ಸಂಸ್ಕಾರಗಳಂತೆ ಭಾವಿಸಬಹುದೇ?

ಹೋಲಿಕೆ ಸ್ವಲ್ಪ ದೂರ ಮಾತ್ರ ಜೊತೆಗೆ ಬರುತ್ತದೆ. ಗರ್ಭಾಧಾನದಿಂದ ಅಂತ್ಯೇಷ್ಟಿಯವರೆಗೆ ಹದಿನಾರು ಎಂದು ಎಣಿಸಿಟ್ಟಂಥ ಪಟ್ಟಿ ಯೆಹೂದಿ ಧರ್ಮದಲ್ಲಿಲ್ಲ. ಅದಕ್ಕಿಂತ ಮುಖ್ಯವಾದ ವ್ಯತ್ಯಾಸವೆಂದರೆ, ಸಂಸ್ಕಾರ ಎಂಬ ಪದದಲ್ಲಿ ವ್ಯಕ್ತಿಯನ್ನು ಶುದ್ಧಗೊಳಿಸಿ ಹದಗೊಳಿಸುವ ಅರ್ಥವಿದ್ದರೆ, ಯೆಹೂದ್ಯರ ವಿಧಿಗಳ ಹಿಂದಿರುವುದು ಮಿಟ್ಸ್ವಾ, ಅಂದರೆ ದೇವರು ವಿಧಿಸಿದ ಕರ್ತವ್ಯ. ಯೆಹೂದಿ ತಾಯಿಗೆ ಹುಟ್ಟಿದ ಗಂಡುಮಗು ಸುನ್ನತಿಯಾಗದಿದ್ದರೂ ಯೆಹೂದಿಯೇ. ಹದಿಮೂರು ತುಂಬಿದ ಹುಡುಗನಿಗೆ ಯಾವ ಸಮಾರಂಭವೂ ನಡೆಯದಿದ್ದರೂ ಅವನು ಧರ್ಮದ ಆಜ್ಞೆಗಳಿಗೆ ಬದ್ಧನಾಗಿಬಿಡುತ್ತಾನೆ. ಮದುವೆ, ವಿಚ್ಛೇದನ, ಮತಾಂತರ, ಈ ಮೂರು ಮಾತ್ರ ಬೇರೆ ಬಗೆಯವು. ಅಲ್ಲಿ ಕ್ರಿಯೆ ನಡೆದರಷ್ಟೇ ವ್ಯಕ್ತಿಯ ಸ್ಥಾನ ಬದಲಾಗುತ್ತದೆ, ಆದ್ದರಿಂದಲೇ ಆ ಮೂರರಲ್ಲೂ ಸಾಕ್ಷಿಗಳ ಮತ್ತು ನ್ಯಾಯಪೀಠದ ವಿಷಯದಲ್ಲಿ ಕಟ್ಟುನಿಟ್ಟು ಹೆಚ್ಚು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ವಿಧಿಗಳಲ್ಲಿ ಪುರೋಹಿತನಿಗಿಂತ ನೆರೆದ ಜನರು ಮುಖ್ಯ. ರಬ್ಬಿ ಎಂದರೆ ಶಾಸ್ತ್ರ ಬಲ್ಲ ಗುರುವೇ ಹೊರತು ದೇವರಿಗೂ ಭಕ್ತನಿಗೂ ನಡುವೆ ನಿಲ್ಲುವವನಲ್ಲ. ಅವನಿಲ್ಲದೆಯೂ ಬಹುಪಾಲು ಕಾರ್ಯಗಳು ನಡೆಯುತ್ತವೆ. ಆದರೆ ವಯಸ್ಕರಾದ ಹತ್ತು ಮಂದಿಯ ಕೂಟ, ಅಂದರೆ ಮಿನ್ಯಾನ್, ಇಲ್ಲದೆ ಹಲವು ಪ್ರಾರ್ಥನೆಗಳನ್ನು ಹೇಳುವಂತೆಯೇ ಇಲ್ಲ.

ಸುನ್ನತಿ ಎಂಟನೆಯ ದಿನವೇ ಏಕೆ ನಡೆಯುತ್ತದೆ?

ಆದಿಕಾಂಡದ 17ನೇ ಅಧ್ಯಾಯದಲ್ಲಿ ದೇವರು ಅಬ್ರಹಾಮನೊಡನೆ ಒಡಂಬಡಿಕೆ ಮಾಡಿಕೊಂಡು, ಹುಟ್ಟುವ ಪ್ರತಿಯೊಂದು ಗಂಡುಮಗುವಿಗೂ ಎಂಟನೆಯ ದಿನ ಸುನ್ನತಿ ಆಗಬೇಕೆಂದು ವಿಧಿಸುತ್ತಾನೆ. ಯೆಹೂದ್ಯರು ಇದನ್ನು ಬ್ರಿತ್ ಮಿಲಾ ಎನ್ನುತ್ತಾರೆ. ಬ್ರಿತ್ ಎಂದರೆ ಒಡಂಬಡಿಕೆ. ದಿನದ ಎಣಿಕೆ ಮಾತ್ರ ಹೊರಗಿನವರಿಗೆ ಗೊಂದಲವೆನಿಸಬಹುದು. ಯೆಹೂದಿ ದಿನ ಸೂರ್ಯಾಸ್ತದಿಂದ ಸೂರ್ಯಾಸ್ತಕ್ಕೆ ಸಾಗುತ್ತದೆ, ಹುಟ್ಟಿದ ದಿನವೂ ಲೆಕ್ಕಕ್ಕೆ ಸೇರುತ್ತದೆ. ಭಾನುವಾರ ಮಧ್ಯಾಹ್ನ ಹುಟ್ಟಿದ ಮಗುವಿಗೆ ಮುಂದಿನ ಭಾನುವಾರ ಸುನ್ನತಿಯಾದರೆ, ಅದೇ ಭಾನುವಾರ ಕತ್ತಲಾದ ಮೇಲೆ ಹುಟ್ಟಿದ ಮಗುವಿಗೆ ಮುಂದಿನ ಸೋಮವಾರ ಆಗುತ್ತದೆ. ಸಹಜ ಹೆರಿಗೆಯಾಗಿದ್ದು ಎಂಟನೆಯ ದಿನ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನವಾದ ಶನಿವಾರ, ಬಂದರೂ, ಬೆಂಕಿ ಹೊತ್ತಿಸುವುದಕ್ಕೂ ನಿಷೇಧವಿರುವ ಆ ದಿನದಲ್ಲೇ ಸುನ್ನತಿ ನಡೆಯುತ್ತದೆ. ಅದರ ತೂಕ ಅಷ್ಟು.

ಮೊಹೆಲ್ ಎಂಬ ತರಬೇತಿ ಪಡೆದ ವ್ಯಕ್ತಿ ಇದನ್ನು ನಡೆಸುತ್ತಾನೆ. ಮಗುವನ್ನು ತೊಡೆಯ ಮೇಲಿರಿಸಿಕೊಂಡು ಕೂರುವ ಗೌರವ ಸಾಮಾನ್ಯವಾಗಿ ಅಜ್ಜನಿಗೆ ಸಲ್ಲುತ್ತದೆ. ಅಂಥವನನ್ನು ಸಂದಾಕ್ ಎನ್ನುತ್ತಾರೆ. ಪಕ್ಕದಲ್ಲಿ ಇನ್ನೊಂದು ಕುರ್ಚಿಯನ್ನು ಪ್ರವಾದಿ ಎಲೀಯನಿಗಾಗಿ ಮೀಸಲಿಡುತ್ತಾರೆ. ಪ್ರತಿ ಸುನ್ನತಿಗೂ ಅವನು ಸಾಕ್ಷಿಯಾಗಿ ಬರುತ್ತಾನೆಂಬುದು ನಂಬಿಕೆ. ಕಾರ್ಯ ಮುಗಿದಾಗ ನೆರೆದವರೆಲ್ಲ ಹೇಳುವ ಮಾತು ಗಮನಿಸುವಂಥದ್ದು: ಒಡಂಬಡಿಕೆಯನ್ನು ಪ್ರವೇಶಿಸಿದಂತೆಯೇ ಈ ಮಗು ತೋರಾವನ್ನೂ (ಮೋಶೆಯ ಐದು ಗ್ರಂಥಗಳ ಧರ್ಮಶಾಸ್ತ್ರ) ಮದುವೆಯ ಮೇಲ್ಕಟ್ಟನ್ನೂ ಸತ್ಕಾರ್ಯಗಳನ್ನೂ ಪ್ರವೇಶಿಸಲಿ. ಎಂಟು ದಿನದ ಕೂಸಿಗೆ ಅದರ ಮುಂದಿನ ಬದುಕಿನ ನಡೆಯನ್ನು ಊರಿನವರೇ ಹೇಳಿಬಿಡುತ್ತಾರೆ.

ಮಗುವಿಗೆ ಅನಾರೋಗ್ಯವಿದ್ದರೆ?

ಮುಂದೂಡಲೇಬೇಕು. ಇದರಲ್ಲಿ ಎರಡು ಮಾತಿಲ್ಲ. ಕಾಮಾಲೆಯಂಥ ತೊಂದರೆ ಕಂಡರೆ ಅದು ಇಳಿಯುವವರೆಗೆ ಕಾಯುತ್ತಾರೆ. ಇಡೀ ದೇಹವನ್ನು ಬಾಧಿಸಿದ ಕಾಯಿಲೆಯಾಗಿದ್ದರೆ ಗುಣವಾದ ಮೇಲೆ ಇನ್ನೂ ಏಳು ದಿನ ಬಿಡುತ್ತಾರೆ. ಪ್ರಾಚೀನ ಪಂಡಿತರ ಶಾಸ್ತ್ರಚರ್ಚೆಗಳ ಸಂಗ್ರಹವಾದ ತಾಲ್ಮುದಿನಲ್ಲಿ ಒಂದು ಪ್ರಸಂಗ ಬರುತ್ತದೆ. ಒಬ್ಬ ತಾಯಿಯ ಇಬ್ಬರು ಗಂಡುಮಕ್ಕಳು ಸುನ್ನತಿಯಿಂದ ಸತ್ತಿದ್ದರೆ ಮೂರನೆಯವನಿಗೆ ಸುನ್ನತಿ ಮಾಡಬಾರದು ಎಂಬುದು ಅಲ್ಲಿನ ಒಂದು ನಿಲುವು. ಅದೇ ಪ್ರಸಂಗದಲ್ಲಿ ಅಕ್ಕತಂಗಿಯರ ಮಕ್ಕಳ ಸಾವುಗಳನ್ನೂ ಒಟ್ಟಿಗೆ ಪರಿಗಣಿಸಲಾಗಿದೆ. ರಕ್ತ ಹೆಪ್ಪುಗಟ್ಟದ ಹಿಮೊಫಿಲಿಯಾ ರೋಗ ತಾಯಿಯ ಕಡೆಯಿಂದ ಇಳಿದುಬರುತ್ತದೆಂಬುದನ್ನು ಜನ ಬಹಳ ಹಿಂದೆಯೇ ಗಮನಿಸಿದ್ದರು ಎಂಬುದಕ್ಕೆ ವೈದ್ಯಕೀಯ ಇತಿಹಾಸಕಾರರು ಈ ಭಾಗವನ್ನು ಉದಾಹರಿಸುವುದುಂಟು.

ಹೆಣ್ಣುಮಗು ಹುಟ್ಟಿದರೆ ಏನು ಮಾಡುತ್ತಾರೆ?

ಹಳೆಯ ಕ್ರಮದಲ್ಲಿ ತಂದೆಯನ್ನು ಸಭಾಮಂದಿರದಲ್ಲಿ ತೋರಾ ಓದುವ ವೇದಿಕೆಗೆ ಕರೆದು, ಅಲ್ಲಿ ಮಗಳ ಹೆಸರನ್ನು ಘೋಷಿಸುತ್ತಾರೆ. ಸ್ಪೇನ್ ಮೂಲದ ಸೆಫಾರ್ದಿ ಕುಟುಂಬಗಳಲ್ಲಿ ಜೆವೆದ್ ಹಾಬಾತ್ ಎಂಬ ಮನೆಸಮಾರಂಭ ಬಹುಕಾಲದಿಂದ ಇದೆ. ಕಳೆದ ಕೆಲವು ದಶಕಗಳಲ್ಲಿ ಸಿಮ್ಹತ್ ಬಾತ್, ಅಂದರೆ ಮಗಳು ಹುಟ್ಟಿದ ಸಂತೋಷದ ಕೂಟ, ಬೇರೆ ಪಂಥಗಳಲ್ಲೂ ಹರಡಿದೆ. ಗಂಡುಮಗುವಿನ ವಿಧಿಗೆ ಹೋಲಿಸಿದರೆ ಶಾಸ್ತ್ರ ಇಲ್ಲಿ ಹೆಚ್ಚೇನನ್ನೂ ಹೇಳಿಲ್ಲ. ಹಾಗಾಗಿ ಕುಟುಂಬಗಳು ತಮಗೆ ಒಪ್ಪುವಂತೆ ರೂಪಿಸಿಕೊಂಡಿವೆ.

ಹೆಸರಿಡುವಾಗ ಹಿರಿಯರ ಹೆಸರನ್ನು ಇಡುತ್ತಾರೆಯೇ?

ಇಡುತ್ತಾರೆ, ಆದರೆ ಯಾವ ಹಿರಿಯರು ಎಂಬುದರಲ್ಲಿ ಎರಡು ಸಂಪ್ರದಾಯಗಳಿವೆ. ಯೂರೋಪಿನ ಅಶ್ಕೆನಾಜಿ ಯೆಹೂದ್ಯರು ತೀರಿಹೋದ ಬಂಧುವಿನ ಹೆಸರನ್ನಷ್ಟೇ ಇಡುತ್ತಾರೆ. ಬದುಕಿರುವವರ ಹೆಸರಿಡುವುದನ್ನು ಅಶುಭವೆಂದು ತಿಳಿಯುತ್ತಾರೆ. ಸ್ಪೇನ್ ಮೂಲದ ಸೆಫಾರ್ದಿಗಳಲ್ಲಿ ಬದುಕಿರುವ ಅಜ್ಜ ಅಜ್ಜಿಯರ ಹೆಸರಿಡುವುದೇ ಅವರಿಗೆ ಸಲ್ಲಿಸುವ ಮರ್ಯಾದೆ. ಎರಡೂ ಬಣಗಳ ನಡುವೆ ಮದುವೆಯಾದ ಮನೆಗಳಲ್ಲಿ ಇದೊಂದು ಸೂಕ್ಷ್ಮವಾದ ಸಂಧಾನದ ವಿಷಯ. ಹೀಬ್ರೂ ಹೆಸರು 'ಇಂಥವನ ಮಗ ಇಂಥವನು' ಎಂಬ ರೂಪದಲ್ಲಿರುತ್ತದೆ. ತೋರಾ ಓದಲು ಕರೆಯುವಾಗ, ಮದುವೆಯ ಕರಾರಿನಲ್ಲಿ, ವಿಚ್ಛೇದನ ಪತ್ರದಲ್ಲಿ, ಕೊನೆಗೆ ಗೋರಿಯ ಕಲ್ಲಿನ ಮೇಲೆ ಬಳಕೆಯಾಗುವುದು ಇದೇ ಹೆಸರು. ರೋಗಿಗಾಗಿ ಪ್ರಾರ್ಥಿಸುವಾಗ ಮಾತ್ರ ತಂದೆಯ ಬದಲು ತಾಯಿಯ ಹೆಸರು ಹಿಡಿಯುತ್ತಾರೆ.

ಚೊಚ್ಚಲ ಮಗನನ್ನು ಹಣ ಕೊಟ್ಟು ಬಿಡಿಸಿಕೊಳ್ಳುವುದೆಂದರೇನು?

ಈಜಿಪ್ಟಿನಿಂದ ಬಿಡುಗಡೆಯಾದ ಕಾಲದಿಂದ ಚೊಚ್ಚಲು ದೇವರಿಗೆ ಸೇರಿದ್ದು ಎಂಬ ನಂಬಿಕೆಯಿದೆ. ಆ ಋಣವನ್ನು ತೀರಿಸಲು ಮಗು ಹುಟ್ಟಿ ಮೂವತ್ತು ದಿನ ಕಳೆದ ಮೇಲೆ ತಂದೆ ಒಬ್ಬ ಕೊಹೆನನಿಗೆ, ಅಂದರೆ ಹಳೆಯ ಯಾಜಕ ವಂಶದವನಿಗೆ, ಐದು ಶೆಕೆಲ್ ಬೆಳ್ಳಿ ಕೊಡುತ್ತಾನೆ. ಇಂದಿನ ಲೆಕ್ಕದಲ್ಲಿ ಅದು ಸುಮಾರು 100 ಗ್ರಾಂ. ಕೊಹೆನ್ ಗಂಭೀರವಾಗಿ, ನಿನಗೆ ಮಗ ಬೇಕೋ ಐದು ನಾಣ್ಯ ಬೇಕೋ ಎಂದು ಕೇಳುತ್ತಾನೆ, ತಂದೆ ಮಗನೇ ಬೇಕೆನ್ನುತ್ತಾನೆ. ಈ ವಿಧಿ ವಾಸ್ತವದಲ್ಲಿ ಅಪರೂಪ. ಮಗು ತಾಯಿಯ ಮೊದಲ ಗರ್ಭದ್ದಾಗಿರಬೇಕು, ಗಂಡಾಗಿರಬೇಕು, ಸಿಸೇರಿಯನ್ ಆಗಿರಬಾರದು. ತಂದೆಯಾಗಲಿ ತಾಯಿಯ ತಂದೆಯಾಗಲಿ ಕೊಹೆನ್ ಅಥವಾ ಲೇವಿ ಕುಲದವರಾಗಿದ್ದರೂ ಇದು ಅನ್ವಯಿಸುವುದಿಲ್ಲ.

ಚೌಲದಂಥ ವಿಧಿ ಇದೆಯೇ?

ಕೆಲವು ಸಮುದಾಯಗಳಲ್ಲಿ, ಮುಖ್ಯವಾಗಿ ಹಸಿದಿ ಪಂಥದವರಲ್ಲಿ, ಗಂಡುಮಗುವಿನ ತಲೆಗೂದಲನ್ನು ಮೂರು ವರ್ಷ ತುಂಬುವವರೆಗೆ ಕತ್ತರಿಸುವುದಿಲ್ಲ. ನಂತರ ಬಂಧುಗಳು ಒಬ್ಬೊಬ್ಬರಾಗಿ ಒಂದೊಂದು ಕುಚ್ಚನ್ನು ಕತ್ತರಿಸುತ್ತಾರೆ, ಕಿವಿಯ ಬಳಿಯ ಕೂದಲನ್ನು ಬಿಡುತ್ತಾರೆ. ಇದು ರೂಢಿಯೇ ಹೊರತು ಶಾಸ್ತ್ರದ ಆಜ್ಞೆಯಲ್ಲ.

ಬಾರ್ ಮಿಟ್ಸ್ವಾ ಎಂದರೆ ಯೆಹೂದ್ಯರ ಉಪನಯನವೇ?

ಹೊರನೋಟಕ್ಕೆ ಹಾಗೆನ್ನಿಸುವುದು ಸಹಜ. ಹುಡುಗ ವೇದಿಕೆ ಏರುತ್ತಾನೆ, ಪವಿತ್ರ ಪಠ್ಯವನ್ನು ಸ್ವರಬದ್ಧವಾಗಿ ಓದುತ್ತಾನೆ, ಬಂಧುಬಳಗ ಊಟಕ್ಕೆ ಸೇರುತ್ತದೆ. ಆದರೆ ಉಪನಯನ ಮಾಡಿದರೆ ವಟು, ಮಾಡದಿದ್ದರೆ ಅಲ್ಲ. ಬಾರ್ ಮಿಟ್ಸ್ವಾ ಎಂಬುದು ಸಮಾರಂಭದ ಹೆಸರಲ್ಲ, ಹದಿಮೂರು ತುಂಬಿದ ಹುಡುಗನ ಹೆಸರು. ಆಜ್ಞೆಗೆ ಬದ್ಧನಾದವನು ಎಂಬುದು ಅದರ ತಾತ್ಪರ್ಯ. ಅಂದಿನಿಂದ ಅವನ ಉಪವಾಸ, ಪ್ರಾರ್ಥನೆ, ತಪ್ಪು ಒಪ್ಪುಗಳೆಲ್ಲ ಅವನವೇ. ತಂದೆ ಆ ದಿನ, ಇವನ ಹೊಣೆಯಿಂದ ನನ್ನನ್ನು ಬಿಡಿಸಿದವನಿಗೆ ಸ್ತೋತ್ರ ಎಂಬರ್ಥದ ಮಾತನ್ನು ಹೇಳುತ್ತಾನೆ. ಹದಿಹರೆಯದ ಮಕ್ಕಳಿರುವ ಯಾವ ತಂದೆಗೂ ಅದರ ವಿವರಣೆ ಬೇಕಾಗಲಾರದು.

ಸಿದ್ಧತೆ ಸುಲಭವಲ್ಲ. ತೋರಾವನ್ನು ವರ್ಷದುದ್ದಕ್ಕೂ ಓದಲು 54 ಭಾಗಗಳಾಗಿ ವಿಂಗಡಿಸಲಾಗಿದೆ, ಹುಡುಗನಿಗೆ ಆ ವಾರದ ಭಾಗ ಬರುತ್ತದೆ. ಚರ್ಮದ ಸುರುಳಿಯಲ್ಲಿ ವ್ಯಂಜನಗಳಷ್ಟೇ ಇರುತ್ತವೆ, ಸ್ವರಚಿಹ್ನೆಗಳೂ ರಾಗದ ಗುರುತುಗಳೂ ಇರುವುದಿಲ್ಲ. ಕನ್ನಡದಲ್ಲಿ ಕಾಗುಣಿತವನ್ನೆಲ್ಲ ತೆಗೆದುಹಾಕಿ ಬರೆದ ಪುಟವನ್ನು ತಪ್ಪಿಲ್ಲದೆ, ಅದೂ ರಾಗವಾಗಿ ಓದಬೇಕಾಗಿ ಬಂದರೆ ಹೇಗಿರುತ್ತದೆಂದು ಊಹಿಸಿಕೊಳ್ಳಬಹುದು. ತಪ್ಪಿದರೆ ಸಭೆಯಲ್ಲಿದ್ದವರು ಅಲ್ಲಿಯೇ ತಿದ್ದುತ್ತಾರೆ. ವಾರದ ದಿನಗಳ ಬೆಳಗಿನ ಪ್ರಾರ್ಥನೆಯಲ್ಲಿ ತೋಳಿಗೂ ಹಣೆಗೂ ಕಟ್ಟಿಕೊಳ್ಳುವ ತೆಫಿಲಿನ್ ಎಂಬ ಚರ್ಮದ ಪುಟ್ಟ ಪೆಟ್ಟಿಗೆಗಳನ್ನು ಧರಿಸಲು ಆರಂಭಿಸುವುದೂ ಈ ಸುಮಾರಿಗೇ. ಇನ್ನೊಂದು ಬದಲಾವಣೆಯೂ ಆಗುತ್ತದೆ: ಆ ದಿನದಿಂದ ಅವನು ಹತ್ತು ಮಂದಿಯ ಎಣಿಕೆಗೆ ಸೇರುತ್ತಾನೆ.

ಹುಡುಗಿಯರಿಗೆ?

ಹುಡುಗಿ ಹನ್ನೆರಡಕ್ಕೇ ಬಾತ್ ಮಿಟ್ಸ್ವಾ ಆಗುತ್ತಾಳೆ. ಆದರೆ ಅದನ್ನು ಸಭೆಯಲ್ಲಿ ಆಚರಿಸುವುದು ಇತ್ತೀಚಿನದು. 1922ರ ಮಾರ್ಚ್ 18ರಂದು ನ್ಯೂಯಾರ್ಕಿನಲ್ಲಿ ರಬ್ಬಿ ಮೊರ್ದೆಕಾಯ್ ಕಪ್ಲನ್ ತಮ್ಮ ಮಗಳು ಜುಡಿತ್‌ಳನ್ನು ಸಬ್ಬತ್ ಸಭೆಯಲ್ಲಿ ತೋರಾದ ಭಾಗವನ್ನು ಓದಲು ನಿಲ್ಲಿಸಿದರು. ಅಮೆರಿಕದಲ್ಲಿ ಇಂಥದ್ದು ಅದೇ ಮೊದಲೆಂದು ಪರಿಗಣಿಸಲಾಗಿದೆ. ಅವಳು ಓದಿದ್ದು ಸುರುಳಿಯಿಂದಲ್ಲ, ಮುದ್ರಿತ ಪುಸ್ತಕದಿಂದ. ಇಂದು ಉದಾರ ಪಂಥಗಳಲ್ಲಿ ಹುಡುಗ ಹುಡುಗಿಯರ ಸಮಾರಂಭಗಳಲ್ಲಿ ವ್ಯತ್ಯಾಸವಿಲ್ಲ. ಸಂಪ್ರದಾಯಸ್ಥರು ಔತಣ, ಭಾಷಣ, ಹೆಂಗಸರ ಪ್ರಾರ್ಥನಾಕೂಟ ಮುಂತಾದ ಬೇರೆ ರೂಪಗಳನ್ನು ಕಂಡುಕೊಂಡಿದ್ದಾರೆ.

ಈ ವಯಸ್ಸನ್ನು ಯಾವ ಪಂಚಾಂಗದಿಂದ ಲೆಕ್ಕ ಹಾಕುತ್ತಾರೆ?

ಹೀಬ್ರೂ ಪಂಚಾಂಗದಿಂದ. ಅದು ನಮ್ಮ ಚಾಂದ್ರಮಾನದಂತೆಯೇ ತಿಂಗಳನ್ನು ಚಂದ್ರನಿಂದಲೂ ವರ್ಷವನ್ನು ಸೂರ್ಯನಿಂದಲೂ ಹೊಂದಿಸುತ್ತದೆ. ನಮ್ಮಲ್ಲಿ ಅಧಿಕಮಾಸ ಚೈತ್ರವೋ ಶ್ರಾವಣವೋ ಆಗಬಹುದು. ಅವರಲ್ಲಿ 19 ವರ್ಷಗಳಲ್ಲಿ ಏಳು ಸಲ ಬರುವ ಅಧಿಕಮಾಸ ಯಾವಾಗಲೂ ಅದಾರ್ ತಿಂಗಳೇ. ಸಾಮಾನ್ಯ ವರ್ಷದ ಅದಾರಿನಲ್ಲಿ ಹುಟ್ಟಿದವನ ಹದಿಮೂರನೆಯ ವರ್ಷಕ್ಕೆ ಎರಡು ಅದಾರ್ ಬಂದರೆ ಎರಡನೆಯದನ್ನೇ, ನಮ್ಮ ಮಾತಿನಲ್ಲಿ ನಿಜಮಾಸವನ್ನೇ, ಹಿಡಿಯುತ್ತಾರೆ.

ಮದುವೆಯಲ್ಲಿ ಮದುವೆಯಾಗುವುದು ಯಾವ ಕ್ಷಣದಲ್ಲಿ?

ಯೆಹೂದಿ ಮದುವೆಯಲ್ಲಿ ಎರಡು ಹಂತಗಳಿವೆ. ಹಿಂದಿನ ಕಾಲದಲ್ಲಿ ಅವುಗಳ ನಡುವೆ ಸುಮಾರು ಒಂದು ವರ್ಷದ ಅಂತರವಿರುತ್ತಿತ್ತು, ಮಧ್ಯಯುಗದಲ್ಲಿ ಒಂದೇ ದಿನಕ್ಕೆ ಕೂಡಿಕೊಂಡವು. ಮೊದಲನೆಯದು ಕಿದ್ದುಶಿನ್. ಹುಪ್ಪಾ ಎಂಬ ನಾಲ್ಕು ಕಂಬಗಳ ಮೇಲ್ಕಟ್ಟಿನ ಕೆಳಗೆ ವರನು ಇಬ್ಬರು ಸಾಕ್ಷಿಗಳ ಎದುರು ವಧುವಿನ ಬಲಗೈಯ ತೋರುಬೆರಳಿಗೆ ಉಂಗುರ ತೊಡಿಸಿ, ಮೋಶೆಯ ಮತ್ತು ಇಸ್ರಾಯೇಲಿನ ಧರ್ಮದಂತೆ ಈ ಉಂಗುರದಿಂದ ನೀನು ನನಗೆ ಮೀಸಲಾದೆ ಎನ್ನುತ್ತಾನೆ. ಉಂಗುರ ಅವನದೇ ಸ್ವತ್ತಾಗಿರಬೇಕು. ಹರಳಿಲ್ಲದ ಸಾದಾ ಉಂಗುರವನ್ನೇ ಬಳಸುತ್ತಾರೆ, ಬೆಲೆಯ ವಿಷಯದಲ್ಲಿ ವಧುವಿಗೆ ಭ್ರಮೆ ಹುಟ್ಟಬಾರದೆಂದು. ಸಾಕ್ಷಿಗಳು ಅನರ್ಹರಾದರೆ ಮದುವೆಯೇ ಇಲ್ಲ.

ಆಮೇಲೆ ಕೆತುಬಾವನ್ನು ಓದುತ್ತಾರೆ. ಅರಾಮಿಕ್ ಭಾಷೆಯ ಈ ಕರಾರುಪತ್ರದಲ್ಲಿ ಪ್ರೀತಿಯ ಮಾತೇನೂ ಇಲ್ಲ. ಹೆಂಡತಿಗೆ ಅನ್ನ, ಬಟ್ಟೆ, ದಾಂಪತ್ಯದ ಹಕ್ಕು ಸಲ್ಲಿಸುವ ಹೊಣೆ, ಗಂಡ ಸತ್ತರೆ ಅಥವಾ ಬಿಟ್ಟರೆ ಅವಳಿಗೆ ಸಲ್ಲಬೇಕಾದ ಮೊತ್ತ, ಇವೇ ಅದರ ವಿಷಯ. ಮೊದಲ ಮದುವೆಯ ವಧುವಿಗೆ 200 ಜೂಜ್ ಎಂಬ ಪ್ರಾಚೀನ ಮೊತ್ತ ಇಂದಿಗೂ ಅಲ್ಲಿ ಬರೆಯಲ್ಪಡುತ್ತದೆ. ಪತ್ರ ಹೆಂಡತಿಯ ಸ್ವತ್ತು, ಅವಳ ಬಳಿಯೇ ಇರಬೇಕು. ಲೇಖಕನ ಅಭಿಪ್ರಾಯದಲ್ಲಿ, ಸಂಭ್ರಮದ ನಟ್ಟನಡುವೆ ವಿಚ್ಛೇದನದ ಲೆಕ್ಕವನ್ನು ಗಟ್ಟಿಯಾಗಿ ಓದುವ ಈ ನಿಷ್ಠುರತೆಯೇ ಆ ಮದುವೆಯ ಅತ್ಯಂತ ವಿವೇಕದ ಭಾಗ.

ಎರಡನೆಯ ಹಂತ ನಿಸ್ಸುಇನ್. ದ್ರಾಕ್ಷಾರಸದ ಬಟ್ಟಲನ್ನು ಹಿಡಿದು ಏಳು ಆಶೀರ್ವಚನಗಳನ್ನು ಹೇಳುತ್ತಾರೆ. ಉಂಗುರಕ್ಕೆ ಇಬ್ಬರು ಸಾಕು, ಈ ಏಳಕ್ಕೆ ಹತ್ತು ಮಂದಿ ಬೇಕು. ಬೈಬಲಿನಲ್ಲಿ ರೂತಳನ್ನು ಮದುವೆಯಾಗುವ ಮುನ್ನ ಬೋವಜನು ಊರಿನ ಹತ್ತು ಮಂದಿ ಹಿರಿಯರನ್ನು ಕೂಡಿಸಿದ ಪ್ರಸಂಗದಿಂದ ತಾಲ್ಮುದಿನ ಪಂಡಿತರು ಈ ನಿಯಮವನ್ನು ತೆಗೆದಿದ್ದಾರೆ. ಮದುವೆಯ ಮುಂದಿನ ಒಂದು ವಾರ ಬಂಧುಮಿತ್ರರು ನವದಂಪತಿಗೆ ಔತಣ ಕೊಡುತ್ತಾರೆ. ಪ್ರತಿ ಊಟದ ನಂತರ ಏಳು ಆಶೀರ್ವಚನಗಳು ಮರುಕಳಿಸಬೇಕಾದರೆ ಹತ್ತು ಮಂದಿಯ ಜೊತೆಗೆ ಮದುವೆಗೆ ಬಂದಿರದ ಹೊಸ ಮುಖವೊಂದಾದರೂ ಇರಬೇಕು.

ಗಾಜಿನ ಲೋಟವನ್ನು ಏಕೆ ಒಡೆಯುತ್ತಾರೆ?

ಕ್ರಿ.ಶ. 70ರಲ್ಲಿ ರೋಮನ್ನರು ನಾಶ ಮಾಡಿದ ಯೆರೂಸಲೇಮಿನ ದೇವಾಲಯದ ನೆನಪಿಗಾಗಿ ಎಂಬುದು ಎಲ್ಲರೂ ಕೊಡುವ ವಿವರಣೆ. ಈ ವಿವರಣೆಗಿಂತ ಹಳೆಯ ಕಥೆಯೊಂದು ತಾಲ್ಮುದಿನಲ್ಲಿದೆ. ಮಗನ ಮದುವೆಯಲ್ಲಿ ಪಂಡಿತರ ನಗೆ ಮಿತಿಮೀರಿದ್ದನ್ನು ಕಂಡ ಒಬ್ಬ ತಂದೆ, ಬೆಲೆಬಾಳುವ ಬಟ್ಟಲೊಂದನ್ನು ಅವರೆದುರು ಒಡೆದ. ಎಲ್ಲರೂ ಗಂಭೀರರಾದರು. ಈಗ ಲೋಟ ಒಡೆದೊಡನೆ ಜನ 'ಮಜಲ್ ತೋವ್' ಎಂದು ಕೂಗಿ ಕುಣಿಯಲು ಶುರುಮಾಡುತ್ತಾರೆ. ಆ ತಂದೆಯ ಉದ್ದೇಶ ಪೂರ್ತಿ ತಲೆಕೆಳಗಾಗಿದೆ.

ಅವರಿಗೂ ಆಷಾಢವಿದೆಯೇ?

ಮದುವೆ ಮಾಡದ ದಿನಗಳಿವೆ. ಸಬ್ಬತ್ ಮತ್ತು ಹಬ್ಬದ ದಿನಗಳಲ್ಲಿ ಇಲ್ಲ, ಒಂದು ಸಂತೋಷದೊಳಗೆ ಇನ್ನೊಂದನ್ನು ಬೆರೆಸಬಾರದೆಂಬ ಕಾರಣಕ್ಕೆ. ಪಸ್ಕ ಹಬ್ಬದಿಂದ ಐವತ್ತನೆಯ ದಿನದ ಶಾವುಒತ್ ಹಬ್ಬದವರೆಗಿನ ಬಹುಭಾಗದಲ್ಲೂ, ದೇವಾಲಯದ ನಾಶವನ್ನು ಸ್ಮರಿಸುವ ಬೇಸಿಗೆಯ ಮೂರು ವಾರಗಳಲ್ಲೂ ಮಾಡುವುದಿಲ್ಲ. ಆದರೆ ಮಂಗಳವಾರ ಅವರಿಗೆ ಶುಭ, ಏಕೆಂದರೆ ಸೃಷ್ಟಿಯ ಮೂರನೆಯ ದಿನದ ವರ್ಣನೆಯಲ್ಲಿ 'ಒಳ್ಳೆಯದೆಂದು ಕಂಡನು' ಎಂಬ ಮಾತು ಎರಡು ಸಲ ಬರುತ್ತದೆ.

ವಿಚ್ಛೇದನಕ್ಕೂ ಧಾರ್ಮಿಕ ವಿಧಿ ಇದೆಯೇ?

ಇದೆ, ಮತ್ತು ಬಹಳ ಹಳೆಯದು. ಧರ್ಮೋಪದೇಶಕಾಂಡದ 24ನೇ ಅಧ್ಯಾಯವೇ ಬಿಡುಗಡೆಯ ಪತ್ರವನ್ನು ಉಲ್ಲೇಖಿಸುತ್ತದೆ. ಗೆಟ್ ಎಂಬ ಈ ಪತ್ರವನ್ನು ಲಿಪಿಕಾರನು ಆ ದಂಪತಿಗಾಗಿಯೇ ಕೈಯಿಂದ ಹನ್ನೆರಡು ಸಾಲುಗಳಲ್ಲಿ ಬರೆಯಬೇಕು. ಮುದ್ರಿತ ನಮೂನೆ ನಡೆಯುವುದಿಲ್ಲ. ಅದರಲ್ಲಿ ಇಬ್ಬರ ಎಲ್ಲ ಹೆಸರುಗಳು, ಅಡ್ಡಹೆಸರುಗಳು, ಆ ಊರು ಯಾವ ನದಿಯ ದಡದಲ್ಲಿದೆ ಎಂಬುದೂ ಸೇರಿರುತ್ತದೆ. ಸಾಕ್ಷಿಗಳ ಎದುರು ಗಂಡ ಅದನ್ನು ಹೆಂಡತಿಯ ಒಡ್ಡಿದ ಕೈಗಳಿಗೆ ಹಾಕುತ್ತಾನೆ, ಅವಳು ಅದನ್ನು ತೆಗೆದುಕೊಂಡು ನಾಲ್ಕು ಹೆಜ್ಜೆ ನಡೆಯುತ್ತಾಳೆ. ನಂತರ ಪತ್ರ ಮರುಬಳಕೆಯಾಗದಂತೆ ನ್ಯಾಯಪೀಠ ಅದನ್ನು ಕತ್ತರಿಸಿ ಇಟ್ಟುಕೊಳ್ಳುತ್ತದೆ.

ಸಮಸ್ಯೆ ಇರುವುದು ಕೊಡುವ ಅಧಿಕಾರ ಗಂಡನಲ್ಲಿರುವುದರಿಂದ. ಕ್ರಿ.ಶ. 1000ದ ಸುಮಾರಿಗೆ ರೈನ್‌ಲ್ಯಾಂಡಿನ ರಬ್ಬೇನು ಗೆರ್ಶೋಮ್ ಹೆಸರಿನಲ್ಲಿ ಬಂದ ಕಟ್ಟಳೆ ಬಹುಪತ್ನಿತ್ವವನ್ನು ನಿಷೇಧಿಸಿ, ಹೆಂಡತಿಯ ಒಪ್ಪಿಗೆಯಿಲ್ಲದ ವಿಚ್ಛೇದನವನ್ನೂ ತಡೆಯಿತು. ಆದರೂ ಗಂಡ ಕೊಡಲೊಪ್ಪದಿದ್ದರೆ ಹೆಂಡತಿ ಅಗುನಾ, ಅಂದರೆ ಕಟ್ಟಿಹಾಕಲ್ಪಟ್ಟವಳು, ಆಗಿ ಉಳಿಯುತ್ತಾಳೆ, ಮರುಮದುವೆಯಾಗುವಂತಿಲ್ಲ. ಇಸ್ರೇಲಿನಲ್ಲಿ ಯೆಹೂದ್ಯರ ಮದುವೆ ಮತ್ತು ವಿಚ್ಛೇದನಗಳು 1953ರ ಕಾನೂನಿನಂತೆ ರಬ್ಬಿಗಳ ನ್ಯಾಯಾಲಯಕ್ಕೆ ಒಳಪಟ್ಟಿವೆ. ಹಟ ಹಿಡಿದ ಗಂಡನ ವಾಹನ ಚಾಲನಾ ಪರವಾನಗಿ ತಡೆಯುವುದರಿಂದ ಹಿಡಿದು ಜೈಲಿಗೆ ಕಳಿಸುವವರೆಗಿನ ಅಧಿಕಾರವನ್ನು 1995ರ ಕಾನೂನು ಈ ನ್ಯಾಯಾಲಯಗಳಿಗೆ ಕೊಟ್ಟಿದೆ. ಅಷ್ಟಾದರೂ ಬಿಡುಗಡೆ ಸಿಗದ ಹೆಂಗಸರಿದ್ದಾರೆ. ಈ ಇಡೀ ವ್ಯವಸ್ಥೆಯಲ್ಲಿ ಇದು ವಾಸಿಯಾಗದ ಹುಣ್ಣು.

ಹೊರಗಿನವರು ಯೆಹೂದಿಯಾಗಬಹುದೇ?

ಆಗಬಹುದು, ಆದರೆ ಯಾರೂ ಕರೆಯುವುದಿಲ್ಲ. ಕೇಳಿಕೊಂಡು ಬಂದವರನ್ನು ರಬ್ಬಿಗಳು ಮೊದಲು ನಿರುತ್ಸಾಹಗೊಳಿಸುವುದೇ ರೂಢಿ. ದೀರ್ಘ ಕಲಿಕೆಯ ನಂತರ ಮೂವರ ನ್ಯಾಯಪೀಠದ ಎದುರು ಆಜ್ಞೆಗಳನ್ನು ಒಪ್ಪಿಕೊಂಡು, ಗಂಡಸಾದರೆ ಸುನ್ನತಿಯಾಗಿ, ಮಳೆನೀರಿನ ಅಥವಾ ಊಟೆನೀರಿನ ಮಿಕ್ವೆ ಕೊಳದಲ್ಲಿ ಪೂರ್ತಿ ಮುಳುಗಿ ಏಳಬೇಕು. ಅಂಥವರನ್ನು ಅಬ್ರಹಾಮನ ಮಗ ಅಥವಾ ಮಗಳೆಂದೇ ಕರೆಯುತ್ತಾರೆ.

ಸಾವಿನ ನಂತರ ದೇಹವನ್ನು ಯಾರು ಸಿದ್ಧಗೊಳಿಸುತ್ತಾರೆ?

ಹೆವ್ರಾ ಕದೀಶಾ ಎಂಬ ಊರಿನ ಸೇವಾಸಂಘದವರು. ಗಂಡಸರ ದೇಹಕ್ಕೆ ಗಂಡಸರು, ಹೆಂಗಸರ ದೇಹಕ್ಕೆ ಹೆಂಗಸರು. ದೇಹವನ್ನು ತೊಳೆದು, ಎಡೆಬಿಡದೆ ನೀರು ಸುರಿದು, ಜೇಬುಗಳಿಲ್ಲದ ಬಿಳಿಯ ಬಟ್ಟೆ ತೊಡಿಸುತ್ತಾರೆ. ಮಣ್ಣು ಮಾಡುವವರೆಗೆ ದೇಹವನ್ನು ಒಂಟಿಯಾಗಿ ಬಿಡುವುದಿಲ್ಲ, ಪಕ್ಕದಲ್ಲಿ ಕೂತು ಕೀರ್ತನೆಗಳನ್ನು ಓದುತ್ತಾರೆ. ಬಟ್ಟೆಯ ಸರಳತೆಗೆ ಒಂದು ಚರಿತ್ರೆಯಿದೆ. ಶವದ ಅಲಂಕಾರದ ಖರ್ಚು ಸಾವಿಗಿಂತಲೂ ಭಾರವಾಗಿ, ಬಂಧುಗಳು ಶವವನ್ನು ಬಿಟ್ಟು ಓಡಿಹೋಗುತ್ತಿದ್ದ ಕಾಲದಲ್ಲಿ ಮುಖಂಡನಾದ ರಬ್ಬಾನ್ ಗಮ್ಲಿಯೇಲ್ ತನ್ನನ್ನು ಸಾದಾ ನಾರುಬಟ್ಟೆಯಲ್ಲಿ ಒಯ್ಯಲು ಹೇಳಿದನೆಂದೂ, ಅಂದಿನಿಂದ ಬಡವ ಬಲ್ಲಿದರೆಲ್ಲರಿಗೂ ಅದೇ ಆಯಿತೆಂದೂ ತಾಲ್ಮುದ್ ಹೇಳುತ್ತದೆ. ಈ ಸೇವೆಯನ್ನು 'ಸತ್ಯದ ದಯೆ' ಎನ್ನುತ್ತಾರೆ, ಸತ್ತವನು ಉಪಕಾರ ತೀರಿಸಲಾರನಾದ್ದರಿಂದ.

ದಹನ ಮಾಡುವುದಿಲ್ಲವೇ?

ಶಾಸ್ತ್ರ ಅನುಮತಿಸುವುದಿಲ್ಲ. ಮಣ್ಣಿನಿಂದ ಬಂದದ್ದು ಮಣ್ಣಿಗೇ ಸೇರಬೇಕು, ಅದೂ ಸಾಧ್ಯವಾದಷ್ಟು ಬೇಗ, ಹೆಚ್ಚಾಗಿ ಒಂದು ದಿನದೊಳಗೆ. ಹತ್ತಿರದ ಬಂಧು ದೂರದಿಂದ ಬರಬೇಕಿದ್ದರೆ ಕಾಯುವುದುಂಟು. ಇಸ್ರೇಲಿನಲ್ಲಿ ಸಾಮಾನ್ಯವಾಗಿ ಪೆಟ್ಟಿಗೆಯಿಲ್ಲದೆ, ಬೇರೆಡೆ ಸಾದಾ ಮರದ ಪೆಟ್ಟಿಗೆಯಲ್ಲಿ ಹೂಳುತ್ತಾರೆ. ಉದಾರ ಪಂಥದ ಕೆಲವರು ಇಂದು ದಹನವನ್ನು ಆರಿಸಿಕೊಳ್ಳುತ್ತಾರೆ, ಆದರೆ ನಾತ್ಸಿ ಶಿಬಿರಗಳ ಒಲೆಗಳ ನೆನಪಿರುವ ಸಮುದಾಯದಲ್ಲಿ ಶಾಸ್ತ್ರವನ್ನು ಒಪ್ಪದವರಿಗೂ ಬೆಂಕಿ ಎಂದರೆ ಹಿಂಜರಿಕೆಯಿದೆ.

ಶಿವಾ ಎಂದರೆ ಸೂತಕವೇ?

ಹೆಸರಿಗೂ ನಮ್ಮ ಶಿವನಿಗೂ ಸಂಬಂಧವಿಲ್ಲ, ಹೀಬ್ರೂವಿನಲ್ಲಿ ಅದು ಏಳು ಎಂಬ ಸಂಖ್ಯೆ. ಸೂತಕದೊಡನೆ ಹೋಲಿಸುವಾಗಲೂ ಎಚ್ಚರ ಬೇಕು. ಸೂತಕದ ತಿರುಳು ಮೈಲಿಗೆ. ಯೆಹೂದಿ ಶಾಸ್ತ್ರದಲ್ಲೂ ಶವದ ಮೈಲಿಗೆ ಇದೆ, ಕೊಹೆನ್ ವಂಶದವರು ಇಂದಿಗೂ ತೀರ ಹತ್ತಿರದ ಬಂಧುಗಳ ಹೊರತು ಇತರರ ಶವಸಂಸ್ಕಾರಕ್ಕೆ ಹೋಗುವುದಿಲ್ಲ. ಆದರೆ ಶಿವಾ ಅದಕ್ಕೆ ಸೇರಿದ್ದಲ್ಲ, ಅದು ದುಃಖಕ್ಕೆ ಕೊಟ್ಟ ಕಾಲಾವಕಾಶ. ಆದ್ದರಿಂದಲೇ ಸಾವಿನ ಮನೆಗೆ ಜನ ಬರಬೇಕು, ಬಂದು ಕೂರಬೇಕು.

ತಂದೆ, ತಾಯಿ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ, ಗಂಡ ಅಥವಾ ಹೆಂಡತಿ ಸತ್ತರೆ ಮಾತ್ರ ಈ ವಿಧಿ ಕಡ್ಡಾಯ. ಅಂತ್ಯಕ್ರಿಯೆಯ ಹೊತ್ತಿಗೆ ಉಟ್ಟ ಬಟ್ಟೆಯನ್ನು ಹರಿದುಕೊಳ್ಳುತ್ತಾರೆ. ತಂದೆ ತಾಯಿಗಾದರೆ ಎಡಗಡೆ ಎದೆಯ ಮೇಲೆ, ಆ ಹರುಕನ್ನು ಮತ್ತೆಂದೂ ಪೂರ್ತಿ ಹೊಲಿಯುವಂತಿಲ್ಲ. ಸ್ಮಶಾನದಿಂದ ಬಂದ ಮೇಲಿನ ಮೊದಲ ಊಟವನ್ನು ನೆರೆಹೊರೆಯವರೇ ತರಬೇಕು, ಅದರಲ್ಲಿ ಮೊಟ್ಟೆ ಅಥವಾ ಬೇಳೆಯಂಥ ದುಂಡಗಿನ ಪದಾರ್ಥವಿರುತ್ತದೆ. ಏಳು ದಿನ ತಗ್ಗಿದ ಪೀಠದ ಮೇಲೆ ಕೂರುತ್ತಾರೆ, ಚರ್ಮದ ಪಾದರಕ್ಷೆ ತೊಡುವುದಿಲ್ಲ, ಕ್ಷೌರವಿಲ್ಲ, ಕೆಲಸವಿಲ್ಲ, ಅನೇಕ ಮನೆಗಳಲ್ಲಿ ಕನ್ನಡಿಗಳಿಗೆ ಬಟ್ಟೆ ಹೊದಿಸುತ್ತಾರೆ. ಬಂದವರು ದುಃಖಿ ತಾನಾಗಿ ಬಾಯಿ ತೆರೆಯುವವರೆಗೆ ಮಾತನಾಡಬಾರದು. ಬೈಬಲಿನಲ್ಲಿ ಮಕ್ಕಳನ್ನು ಕಳೆದುಕೊಂಡ ಯೋಬನ ಗೆಳೆಯರು ಅವನ ಜೊತೆ ಏಳು ದಿನ ಸುಮ್ಮನೆ ಕೂತಿದ್ದರೆಂಬುದು ಇದಕ್ಕೆ ಆಧಾರ. ಮಣ್ಣಿನ ದಿನದಿಂದ ಮೂವತ್ತನೆಯ ದಿನದವರೆಗೆ ನಿಯಮಗಳು ಸಡಿಲವಾಗುತ್ತ ಬರುತ್ತವೆ, ತಂದೆ ತಾಯಿಗಾಗಿ ಮಾತ್ರ ಶೋಕ ಹನ್ನೆರಡು ತಿಂಗಳು.

ಕದ್ದಿಶ್ ಸತ್ತವರಿಗಾಗಿ ಮಾಡುವ ಪ್ರಾರ್ಥನೆಯೇ?

ಮಕ್ಕಳು ಹನ್ನೊಂದು ತಿಂಗಳು ಪ್ರತಿದಿನ ಹೇಳುವ ಈ ಅರಾಮಿಕ್ ಪಠ್ಯದಲ್ಲಿ ಸಾವಿನ ಪ್ರಸ್ತಾಪವೇ ಇಲ್ಲ, ಸತ್ತವರ ಹೆಸರೂ ಇಲ್ಲ. ದೇವರ ನಾಮ ದೊಡ್ಡದಾಗಲಿ ಎಂಬ ಸ್ತುತಿಯಷ್ಟೇ ಅದರಲ್ಲಿರುವುದು. ಹನ್ನೊಂದೇ ತಿಂಗಳೇಕೆಂದರೆ, ದುಷ್ಟರ ಆತ್ಮಕ್ಕೆ ಹನ್ನೆರಡು ತಿಂಗಳ ಶಿಕ್ಷೆ ಎಂದು ಹಳೆಯ ಮಾತಿದೆ. ಪೂರ್ತಿ ಹನ್ನೆರಡು ಹೇಳಿದರೆ ತನ್ನ ಹೆತ್ತವರನ್ನೇ ದುಷ್ಟರೆಂದಂತಾದೀತು. ಕದ್ದಿಶನ್ನು ಒಬ್ಬನೇ ಹೇಳುವಂತಿಲ್ಲ, ಹತ್ತು ಮಂದಿ ಇದ್ದು ಉತ್ತರ ಕೊಡಬೇಕು. ಇದರ ಪರಿಣಾಮವನ್ನು ಗಮನಿಸಿ: ದುಃಖದಲ್ಲಿರುವವನು ಪ್ರತಿದಿನವೂ ಮನೆಯಿಂದ ಹೊರಟು ಜನರ ನಡುವೆ ಬಂದು ನಿಲ್ಲಲೇಬೇಕಾಗುತ್ತದೆ.

ವರ್ಷಾಬ್ದಿಕ ಇದೆಯೇ?

ಇದೆ, ನಮ್ಮ ಶ್ರಾದ್ಧದ ತಿಥಿಯಂತೆಯೇ ಹೀಬ್ರೂ ಪಂಚಾಂಗದ ದಿನದಂದು. ಇಪ್ಪತ್ತನಾಲ್ಕು ಗಂಟೆ ಉರಿಯುವ ದೀಪ ಹಚ್ಚಿ ಕದ್ದಿಶ್ ಹೇಳುತ್ತಾರೆ. ಪಿಂಡ ತರ್ಪಣಗಳಂಥ ಅರ್ಪಣೆ ಇಲ್ಲ. ಗೋರಿಗೆ ಹೋದವರು ಹೂವಿನ ಬದಲು ಒಂದು ಸಣ್ಣ ಕಲ್ಲನ್ನಿಟ್ಟು ಬರುತ್ತಾರೆ.

ಭಾರತದ ಯೆಹೂದ್ಯರಲ್ಲಿ ಬೇರೆ ವಿಧಿಗಳಿವೆಯೇ?

ಕೊಂಕಣದ ಬೆನೆ ಇಸ್ರೇಲ್ ಸಮುದಾಯ ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಶನಿವಾರ ತೇಲಿ ಎಂದು ಕರೆಸಿಕೊಂಡಿತ್ತು. ಸಬ್ಬತ್ತನ್ನೂ ಸುನ್ನತಿಯನ್ನೂ ಶೆಮಾ ಎಂಬ ಪ್ರಾರ್ಥನೆಯನ್ನೂ ಅವರು ಪುಸ್ತಕಗಳಿಲ್ಲದೆಯೇ ಉಳಿಸಿಕೊಂಡು ಬಂದರು. ಮದುವೆಯ ಹಿಂದಿನ ಮೆಹೆಂದಿ, ಹೆಂಗಸರ ಮಂಗಳಸೂತ್ರ ನೆರೆಹೊರೆಯಿಂದ ಬಂದವು. ಅವರಿಗೇ ವಿಶಿಷ್ಟವಾದದ್ದು ಮಲೀದಾ. ಶುಭಕಾರ್ಯಗಳಲ್ಲಿ, ಹರಕೆ ತೀರಿದಾಗ, ಅವಲಕ್ಕಿಗೆ ತೆಂಗಿನತುರಿ, ಸಿಹಿ, ಏಲಕ್ಕಿ ಬೆರೆಸಿ, ಹಣ್ಣುಗಳೊಂದಿಗೆ ತಟ್ಟೆಯಲ್ಲಿಟ್ಟು ಪ್ರವಾದಿ ಎಲೀಯನ ಸ್ತುತಿ ಹಾಡುತ್ತಾರೆ. ಹೆಸರು ಕೇಳಿದ ಉತ್ತರ ಕರ್ನಾಟಕದವರಿಗೆ ಮಾದಲಿ ನೆನಪಾದೀತು, ಆದರೆ ಅದು ಗೋಧಿ ಬೆಲ್ಲದ ತಿನಿಸು, ಇದು ಬೇರೆ. ಅಲಿಬಾಗಿನ ಬಳಿಯ ಖಂಡಾಲಾ ಹಳ್ಳಿಯ ಬಂಡೆಯೊಂದರ ಮೇಲೆ ಎಲೀಯನ ರಥದ ಗುರುತಿದೆ ಎಂದು ಅವರು ನಂಬುತ್ತಾರೆ.

ಈ ಸಮುದಾಯದ ಕಥೆಗೆ ಮೈಸೂರಿನ ನಂಟೂ ಇದೆ. ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ ಕಂಪನಿ ಸೈನ್ಯದ ಸಾಮಾಜಿ ಹಸಾಜಿ ದಿವೇಕರ್, ಜೀವ ಉಳಿದು ಬಿಡುಗಡೆಯಾದ ಕೃತಜ್ಞತೆಗಾಗಿ 1796ರಲ್ಲಿ ಮುಂಬಯಿಯಲ್ಲಿ ಸಮುದಾಯದ ಮೊದಲ ಸಭಾಮಂದಿರ ಕಟ್ಟಿಸಿದ. ಬೆಂಗಳೂರಿನಲ್ಲಿಯೂ ಮೈಸೂರು ಸಂಸ್ಥಾನದ ಕಾಲದಿಂದ ಯೆಹೂದ್ಯರ ಪುಟ್ಟ ಸ್ಮಶಾನವಿದೆ. ಇಸ್ರೇಲಿಗೆ ವಲಸೆ ಹೋದ ಬೆನೆ ಇಸ್ರೇಲಿಗಳಿಗೆ 1960ರ ದಶಕದ ಆರಂಭದಲ್ಲಿ ಅಲ್ಲಿನ ರಬ್ಬಿಗಳು ಮದುವೆಗೆ ತಕರಾರು ತೆಗೆದರು. ಪೂರ್ವಜರ ವಿಚ್ಛೇದನಗಳು ಗೆಟ್ ಕ್ರಮದಲ್ಲಿ ನಡೆದಿರಲಿಲ್ಲವೆಂಬ ಸಂಶಯ ಅದರ ಒಂದು ಕಾರಣ. ದೊಡ್ಡ ಪ್ರತಿಭಟನೆಯ ನಂತರ 1964ರಲ್ಲಿ ಆ ತಕರಾರು ಹಿಂತೆಗೆಯಲ್ಪಟ್ಟಿತು.

ಹತ್ತು ಮಂದಿ ಸಿಗದಿದ್ದರೆ ಏನು ಮಾಡುತ್ತಾರೆ?

ಸುನ್ನತಿ ನಡೆಯುತ್ತದೆ, ಉಂಗುರ ತೊಡಿಸುವುದು ನಡೆಯುತ್ತದೆ, ಹೂಳುವುದಂತೂ ನಿಲ್ಲುವುದಿಲ್ಲ. ನಿಲ್ಲುವುದು ಮದುವೆಯ ಏಳು ಆಶೀರ್ವಚನ, ಸಭೆಯ ತೋರಾ ಪಠನ ಮತ್ತು ಕದ್ದಿಶ್. ಅಮೆರಿಕದ ಕನ್ಸರ್ವೇಟಿವ್ ಪಂಥ 1973ರಲ್ಲಿ ಹೆಂಗಸರನ್ನೂ ಎಣಿಕೆಗೆ ಸೇರಿಸಲು ಅನುಮತಿಸಿತು, ಸಂಪ್ರದಾಯಸ್ಥರಲ್ಲಿ ಈಗಲೂ ಹತ್ತು ಗಂಡಸರೇ ಬೇಕು. 1568ರಲ್ಲಿ ಕಟ್ಟಿದ ಕೊಚ್ಚಿಯ ಪರದೇಸಿ ಸಭಾಮಂದಿರದ ಸುತ್ತ ವಲಸೆಯ ನಂತರ ಉಳಿದವರು ಬೆರಳೆಣಿಕೆಯಷ್ಟು. ಅಲ್ಲಿ ಸಂಖ್ಯೆ ತುಂಬಲು ಊರಿಗೆ ಬಂದ ಯೆಹೂದಿ ಪ್ರವಾಸಿಗರನ್ನು ಕಾಯುವ ಪರಿಸ್ಥಿತಿ ಬಂತು.

ಎಣಿಸುವುದಕ್ಕೂ ಒಂದು ಕ್ರಮವಿದೆ. ಮನುಷ್ಯರನ್ನು ಒಂದು, ಎರಡು ಎಂದು ಎಣಿಸಬಾರದು. ಕೀರ್ತನೆಗಳ 28ನೆಯದರ ಕೊನೆಯ ವಚನದಲ್ಲಿ, ನಿನ್ನ ಜನರನ್ನು ರಕ್ಷಿಸು ಎಂದು ಆರಂಭವಾಗುವ ಸಾಲಿನಲ್ಲಿ, ಮೂಲ ಹೀಬ್ರೂವಿನಲ್ಲಿ ಸರಿಯಾಗಿ ಹತ್ತು ಪದಗಳಿವೆ. ಒಬ್ಬೊಬ್ಬರ ಕಡೆ ನೋಡುತ್ತ ಒಂದೊಂದು ಪದ ಹೇಳುತ್ತಾರೆ. ಒಂಬತ್ತನೆಯ ಪದಕ್ಕೆ ಜನ ಮುಗಿದರೆ ಯಾರಾದರೊಬ್ಬರು ಎದ್ದು ಬಾಗಿಲಿಗೆ ಹೋಗಿ ಬೀದಿಯತ್ತ ನೋಡುತ್ತಾರೆ.